ಮರಿಯೆಲ್ಲಾ ಹೆಣ್ಣಾದರೆ ಬೋರ್ ನೀರೇ ಕಾರಣವೇ?

"ಅಣ್ಣೋ, ಮರಿಯೆಲ್ಲಾ ಹೆಣ್ಣೇ ಆಗವೆ. ನಮ್ಮ ಬೋರ್ ನೀರೇ ಸರಿಯಿಲ್ವಾ?" ಚಾಮರಾಜನಗರದ ನನ್ನ ಮೀನಿನಂಗಡಿಗೆ ಗುಂಡ್ಲುಪೇಟೆ ಕಡೆಯಿಂದ ಬರುವ ಹುಡುಗರ ಮಾಮೂಲಿ ಪ್ರಶ್ನೆಯಿದು. ನಾನು ಮೊದಲು ಕೇಳುವುದು, ಯಾವ ಮೀನು ಅಂತ.

ಗಪ್ಪಿಯಾದರೆ ನೀರನ್ನು ದೂರಬೇಡಿ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗೆ ಬಿಡುವ ಈ ಮೀನಿನಲ್ಲಿ ಗಂಡು-ಹೆಣ್ಣು ತೀರ್ಮಾನವಾಗುವುದು ಮುಖ್ಯವಾಗಿ ನಮ್ಮಂತೆಯೇ ಎಕ್ಸ್, ವೈ ವರ್ಣತಂತುಗಳಿಂದ. ಮರಿಗಳೆಲ್ಲಾ ಮೊದಲು ಹೆಣ್ಣಿನ ಹಾಗೇ ಬೂದುಬೂದಾಗಿ ಕಾಣುತ್ತವೆ. ತಿಂಗಳ ಆಸುಪಾಸಿನಲ್ಲಿ ಗಂಡಿನ ಹೊಟ್ಟೆಯಡಿಯ ಈಜುರೆಕ್ಕೆ ಕಡ್ಡಿಯಾಗಿ, ಬಾಲಕ್ಕೆ ಬಣ್ಣ ಏರುತ್ತದೆ. ಅಲ್ಲೀವರೆಗೂ ಸುಮ್ಮನಿರಬೇಕು, ಅಷ್ಟೆ.

ಕ್ರಿಬೆನ್ಸಿಸ್ ಎಂದರೆ ಮಾತೇ ಬೇರೆ. ಪಶ್ಚಿಮ ಆಫ್ರಿಕಾದ ಈ ಸಿಕ್ಲಿಡ್ ಮೀನಿನ ಹೆಣ್ಣಿಗೆ ಹೊಟ್ಟೆಯೆಲ್ಲಾ ನೇರಳೆಗೆಂಪು. ತೊಟ್ಟಿಯಲ್ಲಿ ಮಡಕೆ ಚೂರು ಮಗುಚಿಟ್ಟರೆ ಅದರೊಳಗೆ ಹೊಕ್ಕು ಮೊಟ್ಟೆ ಅಂಟಿಸುತ್ತದೆ. ಹುಳಿ ನೀರಿನಲ್ಲಿ, ಅಂದರೆ ಪಿಎಚ್ ಕಡಿಮೆಯಿದ್ದಲ್ಲಿ, ಇದರ ಮರಿಗಳಲ್ಲಿ ಗಂಡು ಹೆಚ್ಚು. ಪಿಎಚ್ 7ರ ಹತ್ತಿರ ಬಂದರೆ ಹೆಣ್ಣು ಹೆಚ್ಚು ಎಂದು ರೂಬಿನ್ ಎಂಬ ವಿಜ್ಞಾನಿ 1985ರಲ್ಲೇ ತೋರಿಸಿದ್ದಾರೆ. ದಕ್ಷಿಣ ಅಮೆರಿಕದ ಅಪಿಸ್ಟೋಗ್ರಾಮಾ ಮೀನುಗಳಿಗೆ ಬಿಸಿಯ ಲೆಕ್ಕವೂ ಇದೆ. ರೋಮರ್ ಮತ್ತು ಬೈಸೆನ್‌ಹರ್ಟ್ಸ್ 1996ರಲ್ಲಿ 37 ಜಾತಿಗಳನ್ನು ಪರೀಕ್ಷಿಸಿದಾಗ 33ರಲ್ಲಿ ಉಷ್ಣಾಂಶದ ಪ್ರಭಾವ ಕಂಡಿತ್ತು: ನೀರು ಬಿಸಿಯಾದಷ್ಟೂ ಗಂಡು ಜಾಸ್ತಿ.

ಬಿಸಿ ಏನು ಮಾಡುತ್ತದೆ? ಮೀನಿನ ಮೈಯಲ್ಲಿ ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿಸುವ ಅರೋಮಟೇಸ್ ಎಂಬ ಕಿಣ್ವವಿದೆ. ತಿಲಾಪಿಯಾದಂಥ ಮೀನುಗಳಲ್ಲಿ ಬಿಸಿ ಹೆಚ್ಚಾದರೆ ಅದು ಕುಗ್ಗುತ್ತದೆ, ಅಂಡಾಶಯವಾಗಬೇಕಿದ್ದದ್ದು ವೃಷಣವಾಗುತ್ತದೆ.

ಹುಳಿ ನೀರಿನಲ್ಲಿ ಕ್ರಿಬೆನ್ಸಿಸ್ ಗಂಡು ಹೆಚ್ಚು ಎಂದ ಕೂಡಲೇ ಒಬ್ಬ ನಿಂಬೆಹಣ್ಣು ಹಿಂಡಲು ಹೊರಡುತ್ತಾನೆ. ಬೇಡಪ್ಪಾ! ಬಕೆಟ್ಟಿನ ಅಂಚಿಗೆ ಬಿಳಿ ಕರೆ ಕಟ್ಟುವ ನಮ್ಮ ಗಡಸು ನೀರಿನಲ್ಲಿ ಕಾರ್ಬೊನೇಟ್ ಸೇರಿರುತ್ತದೆ. ಹಾಕಿದ ಹುಳಿಯನ್ನು ಅದು ನುಂಗಿಹಾಕಿ ಪಿಎಚ್ ಮತ್ತೆ ಮೇಲೇರುತ್ತದೆ. ಈ ಏರಿಳಿತಕ್ಕೆ ಮೀನು ಸುಸ್ತಾಗುತ್ತದೆ, ಲಾಭವೇನೂ ಇಲ್ಲ. ಮೊದಲ ಮಳೆ ಬಿಟ್ಟು ಆಮೇಲೆ ಹಿಡಿದ ನೀರನ್ನು ದಿನಕ್ಕೆ ಒಂದೆರಡು ಚೊಂಬಿನಂತೆ ಬೆರೆಸುತ್ತಾ, ಪಿಎಚ್ ನೋಡಿಕೊಂಡು ಹೋಗಿ. ಜೋಡಿ ಮೊಟ್ಟೆಯಿಡುವ ಮುಂಚೆಯೇ ಈ ಕೆಲಸ ಮುಗಿದಿರಬೇಕು. ಕ್ರಿಬೆನ್ಸಿಸ್ ಮರಿಗೆ ನೀರಿನ ಪ್ರಭಾವ ತಟ್ಟುವುದು ಮೊದಲ ತಿಂಗಳೊಳಗೆ. ಹೊಟ್ಟೆಗೆ ಬಣ್ಣ ಬಂದ ಮೇಲೆ ನೀರು ಬದಲಿಸಿ ಪ್ರಯೋಜನವಿಲ್ಲ.