ಹಾಕಿ ನೋಡಿ ಆಮೇಲೆ ದುಡ್ಡು

 

ದಸರಾ ರಜದಲ್ಲಿ ಯಲಹಂಕದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಮ್ಮ ಮೊಬೈಲಿನಲ್ಲಿ ಅಕ್ಕನಿಗೆ ಎರಡು ಚೂಡಿದಾರ ತರಿಸಿದ್ದರು. ತಂದುಕೊಟ್ಟ ಅಣ್ಣ ಬಾಗಿಲಲ್ಲೇ ನಿಂತು, "ಹಾಕ್ಕೊಂಡು ನೋಡಿ, ಆಗದಿದ್ರೆ ಈಗ್ಲೇ ವಾಪಸ್ ಕೊಡಿ. ಇಟ್ಟುಕೊಂಡಿದ್ದಕ್ಕೆ ಮಾತ್ರ ದುಡ್ಡು" ಅಂದರು. ನನಗೆ ಆಶ್ಚರ್ಯವೋ ಆಶ್ಚರ್ಯ!

ಎರಡರ ಮೇಲೂ 'ಎಂ' ಅಂತಲೇ ಇತ್ತು. ಒಂದು ಸರಿಯಾಯ್ತು. ಇನ್ನೊಂದರ ತೋಳೇ ಏರಲಿಲ್ಲ. ಅಕ್ಕ "ನಾನು ದಪ್ಪ ಆಗಿಬಿಟ್ಟಿದ್ದೀನಿ" ಅಂತ ಅತ್ತೇಬಿಟ್ಟಳು. ರಾತ್ರಿ ಊಟಾನೂ ಬೇಡ ಅಂದಳು. ಆದರೆ ತಪ್ಪು ಅಕ್ಕನದಲ್ಲ, ಆ 'ಎಂ'ದು.

ಟೈಲರ್ ಆದರೆ ಟೇಪು ಹಿಡಿದು ನಮ್ಮನ್ನೇ ಅಳೀತಾರೆ. ಕಂಪನಿಯವರು ನಮ್ಮನ್ನು ನೋಡೇ ಇರಲ್ಲ. ಒಬ್ಬರ 'ಎಂ' ಇನ್ನೊಬ್ಬರ 'ಎಲ್' ಆಗಬಹುದು. ಇಂಗ್ಲೆಂಡಿನ 10, ಅಮೆರಿಕದ 6, ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯಂತೆ! ಭಾರತದ ಮೈಕಟ್ಟಿಗೆ ನಮ್ಮದೇ ಅಳತೆಪಟ್ಟಿ ಬೇಕೆಂದು ನಿಫ್ಟ್ ಸಂಸ್ಥೆ 'ಇಂಡಿಯಾಸೈಜ್' ಯೋಜನೆ ಹಾಕಿತು. ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಜನರನ್ನು ಅಳೆಯುವ ಲೆಕ್ಕ. ನಮಗೆ ಇನ್ನೂ 13, ನಾವು ಲೆಕ್ಕಕ್ಕೇ ಇಲ್ಲ.

ಹಾಕಿ ನೋಡಿ ಕೊಳ್ಳುವ ಸೌಲಭ್ಯವನ್ನು ಮಿಂತ್ರಾ 'ಟ್ರೈ ಅಂಡ್ ಬೈ' ಹೆಸರಲ್ಲಿ ತಂದಿತ್ತು. ಅದು 2007ರಲ್ಲಿ ಬೆಂಗಳೂರಲ್ಲೇ ಶುರುವಾದ ಕಂಪನಿ. ಮೊದಲು ಹೆಸರು ಅಚ್ಚು ಹಾಕಿದ ಉಡುಗೊರೆ ಮಾರುತ್ತಿತ್ತು, 2014ರಲ್ಲಿ ಫ್ಲಿಪ್‌ಕಾರ್ಟ್ ಅದನ್ನು ಕೊಂಡಿತು. ಪೇಟೆಯಲ್ಲೂ ಎಲ್ಲಾ ಕಡೆ, ಎಲ್ಲಾ ಬಟ್ಟೆಗೂ ಇಂಥ ಸೌಲಭ್ಯ ಇರಲ್ಲ. ಇಲ್ಲದ ಕಡೆ ದುಡ್ಡು ಕೊಟ್ಟು ತಗೊಂಡು, ಹಾಕಿ ನೋಡಿ, ಆಗದಿದ್ದರೆ ಮೊಬೈಲಲ್ಲೇ ವಾಪಸಿಗೆ ಹೇಳಬೇಕು. ಅಲ್ಲಿಯವರೆಗೂ ಚೀಟಿ ಕೀಳಬಾರದು, ನೀರಿಗೆ ಹಾಕಬಾರದು. ಎಷ್ಟು ದಿನದೊಳಗೆ ಅನ್ನೋದನ್ನ ಮೊದಲೇ ಓದಿಕೊಳ್ಳಿ.

ಮಾರನೇ ದಿನ ಚಿಕ್ಕಮ್ಮ ಒಂದು ಉಪಾಯ ಹೇಳಿಕೊಟ್ಟರು. ಮೈಗೆ ಸರಿಯಾಗಿರೋ ಹಳೇ ಬಟ್ಟೆಯನ್ನು ಮಂಚದ ಮೇಲೆ ಹರಡಿ, ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಟೇಪು ಹಿಡೀಬೇಕು. 17 ಇಂಚು ಬಂದರೆ ಸುತ್ತಳತೆ 34. ಮೊಬೈಲಿನ ಪಟ್ಟಿಯಲ್ಲಿ ಬಟ್ಟೆಯ ಅಳತೆ ಬೇರೆ, ಮೈಯ ಅಳತೆ ಬೇರೆ ಇರುತ್ತೆ. ನಮ್ಮ 34ನ್ನು ಬಟ್ಟೆಯ ಅಳತೆ ಜೊತೆಗೇ ಹೋಲಿಸಬೇಕು. ಬಟ್ಟೆ ಯಾವಾಗಲೂ ಮೈಗಿಂತ ಎರಡು ಮೂರು ಇಂಚು ಸಡಿಲ ಇರಬೇಕು, ಇಲ್ಲಾಂದ್ರೆ ಕೈ ಎತ್ತೋಕಾಗಲ್ಲ.

ಅಕ್ಕ ಹಾಗೇ ಅಳೆದು 'ಎಲ್' ತರಿಸಿದಳು. ಈ ಸಲ ತೋಳು ಏರಿತು. ಅಣ್ಣ ಅಷ್ಟು ಹೊತ್ತೂ ಬೆನ್ನಿನ ಚೀಲ ಇಳಿಸದೇ ನಿಂತೇ ಇದ್ದರು, ಚಿಕ್ಕಮ್ಮ ನೀರು ಕೊಟ್ಟರು.