ನಿಮಗಿದು ಗೊತ್ತೇ? ಮಕ್ಕಳ ಬಾಯಲ್ಲಿ ಇಂಗ್ಲಿಷ್

ಇಂಗ್ಲಿಷಿಗೆ ಅಕ್ಷರ 26, ಧ್ವನಿಗಳು ಸುಮಾರು 44. ಬರೆದಂತೆ ಓದುವ ಕನ್ನಡದಲ್ಲಿ ಬೆಳೆದ ಮಗು, ಸಾಲ ಎಂಬ ಅರ್ಥದ 'ಡೆಟ್' ಪದವನ್ನು 'ಡೆಬ್ಟ್' ಎಂದು ಓದಿದರೆ ಆಶ್ಚರ್ಯವೇನಿದೆ? ಅದರೊಳಗಿನ 'ಬಿ' ಇಂಗ್ಲಿಷರ ಬಾಯಲ್ಲೂ ಇರಲಿಲ್ಲ. ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಪಂಡಿತರು ಆಮೇಲೆ ಸೇರಿಸಿದ್ದು. 'ಐಲೆಂಡ್' ಪದದ 'ಎಸ್' ಕೂಡ ಆಮೇಲೆ ಬಂದು ಕೂತದ್ದು. ಗದರುವ ಬದಲು ಈ ಕತೆ ಹೇಳಿ. ಕತೆಯ ಜೊತೆಗೆ ಉಚ್ಚಾರವೂ ನೆನಪಿನಲ್ಲಿ ಉಳಿಯುತ್ತದೆ.

ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ 6-8 ತಿಂಗಳ ಕೂಸುಗಳು ಹಿಂದಿಯ 'ತ' ಮತ್ತು 'ಟ' ಬೇರೆ ಬೇರೆ ಎಂದು ಗುರುತಿಸಿದವು. 10-12 ತಿಂಗಳಾಗುವಷ್ಟರಲ್ಲಿ ಬಹುತೇಕ ಕೂಸುಗಳಿಗೆ ಆ ವ್ಯತ್ಯಾಸ ಕೇಳಿಸದಾಯಿತು. ನಮ್ಮ ಮಕ್ಕಳಿಗೆ ಇಂಗ್ಲಿಷಿನ ಕೆಲವು ಧ್ವನಿಗಳು ಕಷ್ಟವಾಗುವುದೂ ದಡ್ಡತನದಿಂದಲ್ಲ, ಕಿವಿ ಮನೆಮಾತಿಗೆ ಹೊಂದಿಕೊಂಡಿರುವುದರಿಂದ. ಹೇಳಿಸುವ ಮೊದಲು ಚೆನ್ನಾಗಿ ಕೇಳಿಸಬೇಕು.

'ಪ್ಯಾಟೆ', 'ಬ್ಯಾಳೆ' ಎಂದು ಮಾತಾಡುವ ಮಗುವನ್ನು ಹಳ್ಳಿ ಭಾಷೆ ಎಂದು ತಿದ್ದುತ್ತೇವೆ. 'ಕ್ಯಾಟ್', 'ಬ್ಯಾಗ್' ಪದಗಳಿಗೆ ಬೇಕಾದ ಸ್ವರ ಹೆಚ್ಚುಕಡಿಮೆ ಅದೇ! ಪ್ಯಾಟೆಯ ಸ್ವರವನ್ನು ಸ್ವಲ್ಪ ಮೊಟಕು ಮಾಡಿದರೆ ಸಾಕು.

ಹಳೆ ಮೈಸೂರು ಕಡೆ 'ಹಾಲು' ಎಷ್ಟೋ ಬಾಯಲ್ಲಿ 'ಆಲು' ಆಗುತ್ತದೆ, ಹೋಟೆಲು 'ಓಟ್ಲು' ಆಗುತ್ತದೆ. ಲಂಡನ್ನಿನ ಪೂರ್ವಭಾಗದ ಕಾಕ್ನಿ ಜನರೂ ತಲೆತಲಾಂತರದಿಂದ ಈ 'ಹ'ಕಾರವನ್ನು ನುಂಗುತ್ತಲೇ ಬಂದಿದ್ದಾರೆ. ತರಗತಿಯಲ್ಲಿ ಇದಕ್ಕಾಗಿ ಮಗುವನ್ನು ನೋಡಿ ನಗುವುದು ದೊಡ್ಡ ಅನ್ಯಾಯ. ಒಮ್ಮೆ ನಗೆಪಾಟಲಾದ ಮಗು ಮತ್ತೆ ಕೈ ಎತ್ತಲು ಹಿಂಜರಿಯುತ್ತದೆ.

ಕನ್ನಡಕ್ಕೆ ಇರುವುದು ಒಂದೇ 'ವ', ಇಂಗ್ಲಿಷಿಗೆ ಎರಡು. ಒಳಬನಿಯನ್ನಿನ 'ವೆಸ್ಟ್' ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಪಶ್ಚಿಮದ 'ವೆಸ್ಟ್' ಹೇಳುವಾಗ ಹಲ್ಲಿಗೆ ಕೆಲಸವಿಲ್ಲ. 'ಊ' ಎನ್ನುವಂತೆ ತುಟಿ ದುಂಡಗಾಗಿ ಥಟ್ಟನೆ ಬಿಚ್ಚಿಕೊಳ್ಳಬೇಕು. ಕನ್ನಡಿ ಮುಂದೆ ನಿಲ್ಲಿಸಿ, ಹಲ್ಲು ಕಂಡಿತೋ ಇಲ್ಲವೋ ಎಂದು ಮಗುವೇ ನೋಡಿಕೊಳ್ಳಲಿ.

ತುಟಿಯ ಮುಂದೆ ತೆಳು ಕಾಗದದ ಚೂರು ಹಿಡಿದು 'ಪಿನ್' ಎನ್ನಿಸಿ. ಇಂಗ್ಲಿಷರು ಹೇಳುವ ಹಾಗೆ ಉಸಿರು ಸೇರಿಸಿ ಹೇಳಿದರೆ ಕಾಗದ ಅಲ್ಲಾಡುತ್ತದೆ. 'ಸ್ಪಿನ್' ಎಂದರೆ ಹೆಚ್ಚುಕಡಿಮೆ ಅಲ್ಲಾಡದು. ಅವರು ಎರಡಕ್ಕೂ ಒಂದೇ ಅಕ್ಷರ ಬರೆಯುತ್ತಾರೆ. ಅಲ್ಪಪ್ರಾಣ, ಮಹಾಪ್ರಾಣ ಕಲಿತ ನಮ್ಮ ಮಕ್ಕಳಿಗೆ ಈ ವ್ಯತ್ಯಾಸ ಬೇಗ ಹಿಡಿತಕ್ಕೆ ಸಿಗುತ್ತದೆ.

'ಎಲೆ' ಎನ್ನುವಾಗ ನಮಗೆ ತಿಳಿಯದಂತೆ 'ಯೆಲೆ' ಎನ್ನುತ್ತೇವೆ. ಅದೇ ರೂಢಿಯಲ್ಲಿ 'ಎಗ್' ಹೋಗಿ 'ಯೆಗ್', 'ಓನ್ಲಿ' ಹೋಗಿ 'ವೋನ್ಲಿ' ಆಗುವುದು.

ಭೂತಕಾಲದ 'ಇಡಿ' ಪ್ರತ್ಯಯಕ್ಕೆ ಮೂರು ಉಚ್ಚಾರ: 'ವಾಕ್ಟ್', 'ಪ್ಲೇಡ್', 'ವಾಂಟಿಡ್'. 'ವಾಕೆಡ್' ಎಂಬುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಆದರೆ ಶಾಲೆಗಳಲ್ಲಿ ತೀರಾ ಕಡಿಮೆ ಹೇಳಿಕೊಡುವುದು, ಪದದೊಳಗಿನ ಒತ್ತು. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. 'ರೆಕಾರ್ಡ್' ಎಂದು ಮೊದಲ ಭಾಗಕ್ಕೆ ಬಲ ಕೊಟ್ಟರೆ ದಾಖಲೆ. 'ರಿಕಾರ್ಡ್' ಎಂದು ಎರಡನೆಯದಕ್ಕೆ ಕೊಟ್ಟರೆ ದಾಖಲಿಸು. 'ಫೋಟೋಗ್ರಾಫ್'ನಲ್ಲಿ ಬಲ 'ಫೋ' ಮೇಲೆ, 'ಫೊಟಾಗ್ರಫರ್' ಆದಾಗ 'ಟಾ' ಮೇಲೆ, 'ಫೋಟೋಗ್ರ್ಯಾಫಿಕ್' ಆದಾಗ 'ಗ್ರ್ಯಾ' ಮೇಲೆ. ಬಲ ಬೀಳದ ಕಡೆ ಸ್ವರ ಸೊರಗಿ ಅರೆಬರೆ 'ಅ' ಆಗುತ್ತದೆ. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಕೇಳಿಸುವ ಸ್ವರವೇ ಇದು, ಆದರೆ ಅದಕ್ಕೆಂದೇ ಒಂದು ಅಕ್ಷರವಿಲ್ಲ. ಬಲ ಬೀಳುವ ಜಾಗದಲ್ಲಿ ಜೋರಾಗಿ ಚಪ್ಪಾಳೆ, ಉಳಿದ ಕಡೆ ಮೆಲ್ಲಗೆ: ಬ-ನಾ-ನ. ಮಕ್ಕಳಿಗೆ ಇದು ಆಟವಾಗಿಯೇ ಬರುತ್ತದೆ.

ಭಾಷಾ ಸಂಶೋಧಕರಾದ ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ತೋರಿಸಿಕೊಟ್ಟ ಸಂಗತಿ: ಮಾತಿನಲ್ಲಿ ಪರದೇಶದ ಧಾಟಿ ಢಾಳಾಗಿದ್ದರೂ ಕೇಳುವವರಿಗೆ ಪ್ರತಿ ಪದವೂ ಅರ್ಥವಾಗಬಹುದು. ಧಾಟಿ ಬೇರೆ, ಸ್ಪಷ್ಟತೆ ಬೇರೆ. ಮಗುವಿನ ಬಾಯಿಂದ ಮೈಸೂರನ್ನೋ ಧಾರವಾಡವನ್ನೋ ಅಳಿಸಿಹಾಕಲು ದುಡ್ಡು ಸುರಿಯುವ ತಂದೆತಾಯಂದಿರು ಇದನ್ನು ದಯವಿಟ್ಟು ಗಮನಿಸಬೇಕು.

ಡಿಕ್ಷನರಿಯಲ್ಲಿ ಪದದ ಪಕ್ಕ ಕಾಣುವ ಧ್ವನಿಲಿಪಿಯ ಹಿಂದಿರುವ ಸಂಘ 1886ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು. ಕಟ್ಟಿದವರು ಪೌಲ್ ಪಾಸಿ ಮತ್ತಿತರ ಭಾಷಾ ಶಿಕ್ಷಕರು. ಶಾಲಾ ಮಕ್ಕಳಿಗೆ ಉಚ್ಚಾರ ಕಲಿಸುವುದೇ ಅವರ ಉದ್ದೇಶವಾಗಿತ್ತು. ಅಂಥ ಪಾಠಕ್ಕೆ ನಮ್ಮ ವರ್ಣಮಾಲೆಯೂ ಒದಗುತ್ತದೆ: ಗಂಟಲ ಬಳಿಯ 'ಕ'ದಿಂದ ತುಟಿಯ 'ಪ'ದವರೆಗಿನ ಸಾಲುಗಳು ಬಾಯೊಳಗಿನ ಸ್ಥಾನವನ್ನು ಅನುಸರಿಸಿಯೇ ಬರುತ್ತವೆ. ಯಾವ ಧ್ವನಿ ಎಲ್ಲಿ ಹುಟ್ಟುತ್ತದೆ ಎಂದು ತೋರಿಸಿಕೊಡಲು ಬೇರೆ ಚಾರ್ಟ್ ಹುಡುಕಬೇಕಿಲ್ಲ.

ಮಗು 'ಇಸ್ಕೂಲ್' ಅಂದಿತೇ? ತಪ್ಪು ಅನ್ನಬೇಡಿ. "ಹೌದಾ ಪುಟ್ಟಾ, ಸ್ಕೂಲಲ್ಲಿ ಏನಾಯ್ತು?" ಎಂದು ಸರಿಯಾದುದನ್ನು ಮಾತಿನಲ್ಲೇ ತೇಲಿಸಿಬಿಡಿ. ಮಾತು ನಿಲ್ಲುವುದಿಲ್ಲ, ಕಿವಿಗೂ ಸರಿಯಾದುದು ಬೀಳುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡಿದ ತನ್ನ ದನಿ ಕೇಳಿ ಮಗು "ಇದು ನಾನಲ್ಲ" ಎಂದು ಮುಖ ಮುಚ್ಚಿಕೊಳ್ಳುವುದುಂಟು. ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಮೂಳೆಗಳ ಮೂಲಕವೂ ಒಳಗಿವಿಗೆ ಮುಟ್ಟುತ್ತದೆ, ಅದರಿಂದ ಹೆಚ್ಚು ಗಡುಸಾಗಿ ಕೇಳಿಸುತ್ತದೆ. ರೆಕಾರ್ಡಿಂಗಿನಲ್ಲಿ ಆ ಪಾಲು ಇರುವುದಿಲ್ಲ. ಮೊದಲು ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ ಕೇಳಿಸಿ, ಆಮೇಲೆ ಫೋನನ್ನು ಮಗುವಿನ ಕೈಗೆ ಕೊಡಿ.