ಅಕ್ಕಡಿ ಸಾಲಿನ ಸಾಸಿವೆ, ಪ್ರಯೋಗಾಲಯದ ಸಾಸಿವೆ

ಮಾಗಡಿ ತಾಲ್ಲೂಕಿನ ಕುದೂರು ಸೀಮೆಯ ರಾಗಿ ಹೊಲಗಳಲ್ಲಿ ಅವರೆ, ಹುಚ್ಚೆಳ್ಳುಗಳೊಡನೆ ಅಕ್ಕಡಿ ಸಾಲಾಗಿ ಬೆಳೆಯುವ ಸಾಸಿವೆಯ ಬೀಜವನ್ನು ರೈತರು ಮುಂದಿನ ಬಿತ್ತನೆಗೆ ತಾವೇ ಎತ್ತಿಡಬಲ್ಲರು. ದೆಹಲಿ ವಿಶ್ವವಿದ್ಯಾಲಯದಲ್ಲಿ ದೀಪಕ್ ಪೆಂಟಲ್ ತಂಡ ರೂಪಿಸಿದ ಕುಲಾಂತರಿ ಸಂಕರ ತಳಿ ಡಿಎಂಎಚ್-11ರ ಬೀಜವನ್ನಾದರೋ ಪ್ರತಿವರ್ಷ ಕೊಳ್ಳಬೇಕಾದೀತು. ಸಾಸಿವೆಯ ಹೂವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ, ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದ ಬಾರ್ನೇಸ್ ಎಂಬ ವಂಶವಾಹಿಯಿಂದ ‘ವರುಣ’ ತಳಿಯ ಪರಾಗವನ್ನು ತಡೆಯಲಾಗುತ್ತದೆ; ಅದನ್ನು ಬಾರ್‌ಸ್ಟಾರ್ ವಂಶವಾಹಿಯುಳ್ಳ ಇನ್ನೊಂದು ತಳಿಯೊಡನೆ ಸಂಕರಿಸಿದಾಗ ಪೀಳಿಗೆಗೆ ಫಲವಂತಿಕೆ ಮರಳುತ್ತದೆ. ಜೊತೆಗಿರುವ ಬಾರ್ ವಂಶವಾಹಿ ಗಿಡಕ್ಕೆ ಕಳೆನಾಶಕವನ್ನು ತಾಳುವ ಗುಣ ನೀಡುವುದು ಈ ತಳಿಯ ಬಗೆಗಿನ ಆತಂಕಕ್ಕೆ ಮುಖ್ಯ ಕಾರಣ, ಮತ್ತು ಆ ಆತಂಕ ನ್ಯಾಯವಾದದ್ದೇ. ಈ ತಳಿಗೆ 2022ರ ಅಕ್ಟೋಬರ್‌ನಲ್ಲಿ ದೊರೆತ ಅನುಮತಿಯನ್ನು 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನಲ್ಲಿ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ರದ್ದುಗೊಳಿಸಿದರೆ, ನ್ಯಾಯಮೂರ್ತಿ ಸಂಜಯ್ ಕರೋಲ್ ಎತ್ತಿಹಿಡಿದರು. ರೈತರೊಡನೆಯೂ ಸಮಾಲೋಚಿಸಿ ಕುಲಾಂತರಿ ಬೆಳೆಗಳ ಬಗ್ಗೆ ರಾಷ್ಟ್ರೀಯ ನೀತಿ ರೂಪಿಸಬೇಕೆಂಬುದರಲ್ಲಿ ಇಬ್ಬರೂ ಒಮ್ಮತ ತಳೆದರು.